ಮರದ ನೆಲದ ಮನೆಯಲ್ಲಿ ನಾಯಿ, ಬೆಕ್ಕು ಸಾಕುವವರಿಗೆ

ಮೈಸೂರಿನ ಹಳೆಯ ಮನೆಗಳಲ್ಲಿ ನಾಯಿ ಸಾಕುತ್ತಿದ್ದವರಿಗೆ ನೆಲದ ಚಿಂತೆ ಅಷ್ಟಾಗಿ ಇರಲಿಲ್ಲ. ರೆಡ್ ಆಕ್ಸೈಡ್ ನೆಲವಾಗಲಿ, ಮೊಸಾಯಿಕ್ ಆಗಲಿ, ಒಂದು ಬಕೆಟ್ ನೀರು ಸುರಿದು ಉಜ್ಜಿದರೆ ಯಾವ ಕೊಳೆಯೂ ಉಳಿಯುತ್ತಿರಲಿಲ್ಲ. ನಾಯಿಯೂ ಬಹುಪಾಲು ಹಿತ್ತಲಲ್ಲೋ ಜಗಲಿಯ ಮೇಲೋ ಇರುತ್ತಿತ್ತು. ಈಗ ಗೋಕುಲಂ, ಯಾದವಗಿರಿ, ವಿಜಯನಗರದ ಹೊಸ ಮನೆಗಳಲ್ಲಿ ಮಲಗುವ ಕೋಣೆಗೆ, ಕೆಲವೆಡೆ ನಡುಮನೆಗೂ ಮರದ ಹಲಗೆ ಹಾಸುತ್ತಿದ್ದಾರೆ, ಮತ್ತು ನಾಯಿಯೂ ಹಿತ್ತಲಿನಿಂದ ಮಂಚದ ಪಕ್ಕಕ್ಕೆ ಬಂದಿದೆ. ಇಂತಹ ಮನೆಯವರು ಸಾಮಾನ್ಯವಾಗಿ ಹೆದರುವುದು ನಾಯಿಯ ಉಗುರಿಗೆ. ಆದರೆ ಮರವನ್ನು ನಿಜವಾಗಿ ಕೆಡಿಸುವುದು ನಿಂತ ನೀರು ಮತ್ತು ಪಾದಕ್ಕೆ ಅಂಟಿ ಬರುವ ಮರಳು. ಉಗುರಿನದು ಆಮೇಲಿನ ಮಾತು. ನೆಲದಿಂದ ಪ್ರಾಣಿಗೆ ಆಗುವ ತೊಂದರೆಯೂ ಒಂದಿದೆ, ಅದರ ಕಡೆಗೆ ಗಮನ ಕೊಡುವವರು ಕಡಿಮೆ.

ಮೊದಲು ನಿಮ್ಮ ನೆಲ ಯಾವುದೆಂದು ತಿಳಿಯಿರಿ

ಅಂಗಡಿಯಲ್ಲಿ ವುಡನ್ ಫ್ಲೋರಿಂಗ್ ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ವಸ್ತುಗಳನ್ನು ಮಾರುತ್ತಾರೆ. ತೇಗ, ಮತ್ತಿ, ಹೊನ್ನೆಯಂತಹ ಮರದಿಂದ ಕೊಯ್ದ ಗಟ್ಟಿ ಹಲಗೆ ಒಂದು. ಇದು ಸಾಧಾರಣವಾಗಿ 18ರಿಂದ 20 ಮಿಲಿಮೀಟರ್ ದಪ್ಪವಿದ್ದು, ಕೆಟ್ಟಾಗ ಮೇಲ್ಮೈಯನ್ನು ಹಲವು ಸಲ ಉಜ್ಜಿ ಹೊಸದಾಗಿಸಬಹುದು. ಪ್ಲೈವುಡ್ಡಿನ ಮೇಲೆ ನಿಜವಾದ ಮರದ ತೆಳುಪದರವನ್ನು ಅಂಟಿಸಿದ ಎಂಜಿನಿಯರ್ಡ್ ಹಲಗೆ ಇನ್ನೊಂದು. ಪದರದ ದಪ್ಪವನ್ನು ನೋಡಿಕೊಂಡು ಇದನ್ನು ಒಂದೋ ಎರಡೋ ಸಲ ಮಾತ್ರ ಉಜ್ಜಲು ಸಾಧ್ಯ. ಮೂರನೆಯದಾದ ಲ್ಯಾಮಿನೇಟ್‌ನಲ್ಲಿ ಮೇಲೆ ಕಾಣುವುದು ಮರದ ಅಚ್ಚು ಹೊತ್ತ ಕಾಗದ, ಒಳಗಿರುವುದು ಒತ್ತಿದ ಮರದ ನಾರು. ಇದು ಗೀರಿಗೆ ಚೆನ್ನಾಗಿ ತಡೆಯುತ್ತದೆಯಾದರೂ ಸಂದಿನೊಳಗೆ ನೀರು ಇಳಿದರೆ ಅಂಚು ಉಬ್ಬುತ್ತದೆ, ಉಬ್ಬಿದ ಅಂಚು ಮತ್ತೆ ಇಳಿಯುವುದಿಲ್ಲ, ಉಜ್ಜಿ ಸರಿಪಡಿಸುವ ದಾರಿಯೂ ಇಲ್ಲ. ಬಾಗಿಲ ಹೊಸ್ತಿಲ ಬಳಿ ಹಲಗೆಯ ಕತ್ತರಿಸಿದ ಅಂಚನ್ನು ನೋಡಿದರೆ ನಿಮ್ಮದು ಯಾವುದೆಂದು ಗೊತ್ತಾಗುತ್ತದೆ. ನೆಲದ ಮೇಲೆ ಒಂದೇ ಗಂಟಿನ ಗುರುತು ಅಲ್ಲಲ್ಲಿ ತಪ್ಪದೆ ಮರುಕಳಿಸುತ್ತಿದ್ದರೆ ಅದು ಅಚ್ಚು ಹಾಕಿದ್ದೇ.

ಇನ್ನೂ ನೆಲ ಹಾಕಿಸಬೇಕಾಗಿರುವವರು ಮರದ ಗಡಸುತನವನ್ನು ವಿಚಾರಿಸುವುದು ಸಹಜ. ಅದನ್ನು ಅಳೆಯುವ ಜಾಂಕಾ ಪರೀಕ್ಷೆಯಲ್ಲಿ 11.28 ಮಿಲಿಮೀಟರ್ ವ್ಯಾಸದ ಉಕ್ಕಿನ ಗುಂಡನ್ನು ಅರ್ಧದವರೆಗೆ ಮರದೊಳಕ್ಕೆ ಒತ್ತಲು ಎಷ್ಟು ಬಲ ಬೇಕೆಂದು ನೋಡುತ್ತಾರೆ. ತೇಗಕ್ಕೆ ಅದು ಸುಮಾರು 1,000 ಪೌಂಡಿನ ಆಸುಪಾಸಿನಲ್ಲಿದೆ, ಬೀಟೆಗೆ ಅದರ ಎರಡು ಪಟ್ಟಿಗೂ ಹೆಚ್ಚು. ಹೀಗಿದ್ದರೂ ಬೀಟೆಯ ನೆಲದಲ್ಲಿ ಗೀರು ಬೀಳುವುದಿಲ್ಲವೆಂದು ತಿಳಿಯಬಾರದು. ದಿನನಿತ್ಯದ ಗೀರುಗಳು ಬೀಳುವುದು ಮರದ ಮೇಲಲ್ಲ, ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟೇ ದಪ್ಪವಿರುವ ಪಾಲಿಶ್ ಪದರದ ಮೇಲೆ. ಆದ್ದರಿಂದ ನಾಯಿಯಿರುವ ಮನೆಗೆ ಮರದ ಜಾತಿಗಿಂತ ಪಾಲಿಶ್ ಯಾವುದೆಂಬುದೇ ಹೆಚ್ಚು ಮುಖ್ಯ. ಕನ್ನಡಿಯಂತೆ ಹೊಳೆಯುವ ಪಾಲಿಶ್ ಪ್ರತಿಯೊಂದು ಗೀರನ್ನೂ ಎತ್ತಿ ತೋರಿಸುತ್ತದೆ. ಮಂದ ಹೊಳಪಿನದು ಮರೆಮಾಚುತ್ತದೆ. ಅರಗಿನಿಂದ ಮಾಡುವ ಫ್ರೆಂಚ್ ಪಾಲಿಶ್ ಪೀಠೋಪಕರಣಕ್ಕೆ ಎಷ್ಟೇ ಅಂದವಾಗಿದ್ದರೂ ನೆಲಕ್ಕೆ, ಅದರಲ್ಲೂ ಪ್ರಾಣಿಗಳಿರುವ ನೆಲಕ್ಕೆ, ಹೇಳಿಸಿದ್ದಲ್ಲ. ನೀರು ನಿಂತಲ್ಲಿ ಅದು ಬೆಳ್ಳಗಾಗುತ್ತದೆ, ಸ್ಯಾನಿಟೈಸರಿನ ಒಂದು ಹನಿಗೂ ಕರಗುತ್ತದೆ. ಪಾಲಿಯುರಿಥೇನ್, ಅಂದರೆ ಬಡಗಿಗಳು ಪಿಯು ಎಂದು ಕರೆಯುವ ಪಾಲಿಶನ್ನೇ ಕೇಳಿ ಹಾಕಿಸುವುದು ಒಳ್ಳೆಯದು.

ಮರಳು, ರಂಗೋಲಿ, ಉಗುರು

ಮೈಸೂರು, ಮಂಡ್ಯ ಸೀಮೆಯ ಕೆಂಪು ಮಣ್ಣಿನಲ್ಲಿ ಬೆಣಚುಕಲ್ಲಿನ ಸಣ್ಣ ಹರಳುಗಳು ಬೆರೆತಿರುತ್ತವೆ. ವಾಕಿಂಗ್ ಮುಗಿಸಿ ಬಂದ ನಾಯಿಯ ಪಾದದ ಮೆತ್ತೆಗಳ ನಡುವೆ ಸಿಕ್ಕಿಕೊಂಡು ಒಳಬರುವ ಈ ಹರಳುಗಳು ನೆಲದ ಮೇಲೆ ಉಪ್ಪುಕಾಗದದಂತೆ ಕೆಲಸ ಮಾಡುತ್ತವೆ. ನಾಯಿ ನಡೆದಾಗ ಮಾತ್ರವಲ್ಲ, ಅದರ ಹಿಂದೆಯೇ ನಾವು ನಡೆದಾಗಲೂ. ಹೊಸ್ತಿಲ ಮುಂದಿನ ರಂಗೋಲಿಯೂ ಕಲ್ಲಿನ ಪುಡಿಯೇ ಆದ್ದರಿಂದ, ನಾಯಿ ದಿನವೂ ಅದನ್ನು ತುಳಿದು ಒಳಬರುವ ಮನೆಗಳಲ್ಲಿ ರಂಗೋಲಿಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಹಾಕಬಹುದು, ಇಲ್ಲವೇ ಅಕ್ಕಿಹಿಟ್ಟಿನಲ್ಲಿ ಹಾಕಬಹುದು. ಬಾಗಿಲ ಹೊರಗೆ ತೆಂಗಿನ ನಾರಿನ ಮ್ಯಾಟು, ಒಳಗೆ ನೀರು ಹೀರುವ ಹತ್ತಿಯ ಮ್ಯಾಟು, ಪಕ್ಕದಲ್ಲಿ ಪಾದ ಒರೆಸಲು ಒಂದು ಹಳೆಯ ಟವೆಲ್ಲು: ಇವಿಷ್ಟು ಇದ್ದರೆ ಅರ್ಧ ಕೆಲಸ ಮುಗಿದಂತೆ. ನಾಲ್ಕೂ ಪಾದಗಳನ್ನು ಒರೆಸಿದ ಮೇಲೆಯೇ ಒಳಗೆ ಬಿಡುವ ಅಭ್ಯಾಸವನ್ನು ಮರಿಯಾಗಿದ್ದಾಗಲೇ ಮಾಡಿಸಿದರೆ ನಾಯಿ ತಾನಾಗಿಯೇ ಬಾಗಿಲಲ್ಲಿ ನಿಲ್ಲಲು ಕಲಿಯುತ್ತದೆ. ಗುಡಿಸುವುದಕ್ಕೆ ಹುಲ್ಲಿನ ಪೊರಕೆ ಸಾಕು, ಕಡ್ಡಿಪೊರಕೆ ಅಂಗಳಕ್ಕಿರಲಿ. ವ್ಯಾಕ್ಯೂಮ್ ಬಳಸುವವರು ಕಾರ್ಪೆಟ್ಟಿಗೆಂದು ಇರುವ ತಿರುಗುವ ಬ್ರಷ್ಷನ್ನು ತೆಗೆದು ಬಳಸಬೇಕು. ತಾನಾಗಿ ಓಡಾಡಿ ಗುಡಿಸುವ ಯಂತ್ರ ಮನೆಯಲ್ಲಿದ್ದು, ನಾಯಿಮರಿಗೆ ಇನ್ನೂ ಶಿಸ್ತು ಬಂದಿಲ್ಲದಿದ್ದರೆ, ಯಾರೂ ಇಲ್ಲದಾಗ ಆ ಯಂತ್ರವನ್ನು ಓಡಿಸಬೇಡಿ. ಮರಿ ಒಂದು ಮೂಲೆಯಲ್ಲಿ ಮಾಡಿದ್ದನ್ನು ಅದು ಮನೆಯಿಡೀ ಸಾರಿಸಿಬಿಡುತ್ತದೆ.

ನಾಯಿ ನಿಂತಾಗ ಉಗುರು ನೆಲಕ್ಕೆ ತಾಗಬಾರದು. ನಡೆಯುವಾಗ ಟಕಟಕ ಸದ್ದು ಕೇಳಿಸಿದರೆ ಕತ್ತರಿಸುವ ಕಾಲ ಬಂದಿದೆ ಎಂದರ್ಥ. ಮೂರು ನಾಲ್ಕು ವಾರಗಳಿಗೊಮ್ಮೆ ತುದಿಯನ್ನಷ್ಟೇ ಕತ್ತರಿಸಬೇಕು. ಬಿಳಿಯ ಉಗುರಿನಲ್ಲಿ ರಕ್ತನಾಳವಿರುವ ಗುಲಾಬಿ ಭಾಗ ಕಾಣುತ್ತದೆ, ಅದಕ್ಕಿಂತ ಮೊದಲೇ ನಿಲ್ಲಿಸಬಹುದು. ಕಪ್ಪು ಉಗುರಿನಲ್ಲಿ ಅದು ಕಾಣದಿರುವುದರಿಂದ ಚೂರುಚೂರಾಗಿ ಕತ್ತರಿಸುತ್ತ, ಕೊಯ್ದ ಮುಖದ ನಡುವೆ ಗಾಢವಾದ ಚುಕ್ಕೆ ಕಂಡ ಕೂಡಲೇ ಬಿಡಬೇಕು. ತಪ್ಪಿ ರಕ್ತ ಬಂದರೆ ಸ್ವಲ್ಪ ಕಾರ್ನ್ ಫ್ಲೋರ್ ಅನ್ನು ಒತ್ತಿ ಹಿಡಿಯಿರಿ. ಕಾಲಿನ ಒಳಬದಿಯಲ್ಲಿ ಮೇಲಕ್ಕಿರುವ ಉಗುರು ನೆಲಕ್ಕೆ ತಾಗಿ ಸವೆಯುವುದೇ ಇಲ್ಲ, ಅದನ್ನು ಮರೆಯಬಾರದು. ಬೆಕ್ಕು ನಡೆಯುವಾಗ ಉಗುರನ್ನು ಒಳಗೆಳೆದುಕೊಳ್ಳುವುದರಿಂದ ನೆಲಕ್ಕೆ ಅದರ ಉಪದ್ರವ ಕಡಿಮೆ. ಅದಕ್ಕೆ ಬೇಕಾದದ್ದು ಪರಚಲು ಒಂದು ಜಾಗ. ಎರಡೂವರೆ ಅಡಿಯಷ್ಟು ಎತ್ತರದ, ಅಲುಗಾಡದ ಮರದ ಕಂಬಕ್ಕೆ ತೆಂಗಿನ ನಾರಿನ ಹಗ್ಗವನ್ನು ಒತ್ತಾಗಿ ಸುತ್ತಿ, ಬೆಕ್ಕು ಮಲಗಿ ಏಳುವ ಜಾಗದ ಹತ್ತಿರವೇ ಇಟ್ಟರೆ ಸೋಫಾ, ಬಾಗಿಲ ಚೌಕಟ್ಟು, ಹಲಗೆಯ ಅಂಚು ಎಲ್ಲವೂ ಉಳಿಯುತ್ತವೆ. ಬೆಕ್ಕಿನ ಮರಳಿನ ಪೆಟ್ಟಿಗೆಯನ್ನು ಮಾತ್ರ ಎಂದಿಗೂ ಮರದ ಮೇಲಿಡಬಾರದು. ಬಚ್ಚಲಲ್ಲೋ ಬಾಲ್ಕನಿಯಲ್ಲೋ ಟೈಲ್ಸ್ ಮೇಲಿಟ್ಟು, ಪಾದದ ಕಾಳು ಉದುರಲೆಂದು ಮುಂದೊಂದು ಒರಟು ಮ್ಯಾಟು ಹಾಸಿ.

ನೀರು ಮತ್ತು ಮೂತ್ರ

ನಮ್ಮಲ್ಲಿ ನೆಲ ಸ್ವಚ್ಛವಾಯಿತೆಂದು ಒಪ್ಪಬೇಕಾದರೆ ಅದು ಒದ್ದೆಯಾಗಿ ಹೊಳೆಯಬೇಕು. ಮರದ ನೆಲಕ್ಕೆ ಈ ಪದ್ಧತಿಯೇ ಶತ್ರು. ಬಟ್ಟೆಯನ್ನು ಇನ್ನು ನೀರು ಬಾರದಷ್ಟು ಹಿಂಡಿ, ಹಲಗೆಯ ಉದ್ದಕ್ಕೆ ಒರೆಸಿ, ಒಂದೆರಡು ನಿಮಿಷದಲ್ಲಿ ನೆಲ ತಾನಾಗಿ ಒಣಗುವಂತಿರಬೇಕು. ಮನೆಗೆಲಸಕ್ಕೆ ಬರುವವರಿಗೆ ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ಒಮ್ಮೆ ಜೊತೆಯಲ್ಲಿ ಮಾಡಿ ತೋರಿಸುವುದೂ, ಮರದ ಕೋಣೆಗೆಂದು ಬೇರೆಯೇ ಬಕೆಟ್ಟು, ಬಟ್ಟೆ ಇಡುವುದೂ ಮೇಲು. ಹಬೆಯಲ್ಲಿ ಒರೆಸುವ ಯಂತ್ರ ಬೇಡ. ವಿನಿಗರ್ ಕೂಡ ಬೇಡ, ಮೇಲಿಂದ ಮೇಲೆ ಬಳಸಿದರೆ ಅದು ಪಾಲಿಶಿನ ಹೊಳಪನ್ನು ಕುಂದಿಸುತ್ತದೆ.

ಫಿನೈಲಿನ ಬಗ್ಗೆ ಬೇರೆಯಾಗಿಯೇ ಹೇಳಬೇಕು. ನೀರಿಗೆ ಬಿದ್ದೊಡನೆ ಹಾಲಿನಂತಾಗುವ ಇಂತಹ ದ್ರಾವಣಗಳಲ್ಲಿ ಹಲವು ಫೀನಾಲ್ ಜಾತಿಯ ರಾಸಾಯನಿಕಗಳಿಂದ ಆದವು. ಬೆಕ್ಕಿನ ಯಕೃತ್ತಿಗೆ ಇವುಗಳನ್ನು ಕರಗಿಸಿ ಹೊರಹಾಕುವ ಶಕ್ತಿ ತೀರ ಕಡಿಮೆ, ಮತ್ತು ಬೆಕ್ಕು ನೆಲದ ಮೇಲೆ ನಡೆದ ಪಾದವನ್ನು ದಿನಕ್ಕೆ ಹತ್ತಾರು ಸಲ ನೆಕ್ಕುತ್ತದೆ. ಬೆಕ್ಕಿರುವ ಮನೆಯಲ್ಲಿ ಫಿನೈಲ್ ಇರಲೇಬಾರದು ಎಂಬುದು ನನ್ನ ಖಚಿತವಾದ ಅಭಿಪ್ರಾಯ; ಬಟ್ಟೆಬರೆಗಳ ನಡುವೆ ಇಡುವ ನುಸಿಗುಳಿಗೆಗೂ ಅದೇ ಮಾತು. ನೆಲಕ್ಕೆ ಸ್ವಲ್ಪವೇ ಸೌಮ್ಯ ಸಾಬೂನಿನ ದ್ರವ ಬೆರೆಸಿದ ನೀರು ಸಾಕು.

ಮೂತ್ರ ಬಿದ್ದಾಗ ಉಜ್ಜದೆ, ಮೊದಲು ಹಳೆಯ ಬಟ್ಟೆ ಅಥವಾ ಟಿಶ್ಯೂ ಇಟ್ಟು ಒತ್ತಿ ಹೀರಿಸಬೇಕು. ಉಜ್ಜಿದರೆ ಅದು ಹಲಗೆಗಳ ಸಂದಿಗೆ ಇಳಿಯುತ್ತದೆ. ಬಳಿಕ ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ ಕಿಣ್ವವಿರುವ ಕ್ಲೀನರನ್ನು ಹಾಕಿ, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಟ್ಟು, ಒರೆಸಿ ಒಣಗಿಸಬೇಕು. ವಾಸನೆಗೆ ಕಾರಣವಾದ ವಸ್ತುವನ್ನೇ ಕಿಣ್ವ ಒಡೆಯುತ್ತದೆ, ಸುಗಂಧದ್ರವ್ಯ ಅದನ್ನು ಮುಚ್ಚುತ್ತದೆಯಷ್ಟೆ. ನಮಗೆ ಮುಚ್ಚಿಹೋದ ವಾಸನೆ ನಾಯಿಯ ಮೂಗಿಗೆ ಮುಚ್ಚಿಹೋಗುವುದಿಲ್ಲವಾದ್ದರಿಂದ ಅದು ಮತ್ತೆ ಅಲ್ಲಿಗೇ ಹೋಗುತ್ತದೆ. ಅಮೋನಿಯಾ ಇರುವ ಕ್ಲೀನರಂತೂ ಮೂತ್ರದ ವಾಸನೆಯನ್ನೇ ಹೋಲುತ್ತದೆ. ಹಾಗೆಯೇ ಬಿಟ್ಟ ಮೂತ್ರದಲ್ಲಿ ಬ್ಯಾಕ್ಟೀರಿಯಾಗಳು ಯೂರಿಯಾವನ್ನು ಅಮೋನಿಯಾ ಮಾಡುತ್ತವೆ. ಅದು ಪಾಲಿಶನ್ನು ದಾಟಿ ಮರದಲ್ಲಿರುವ ಟ್ಯಾನಿನ್ನಿನೊಡನೆ ಸೇರಿದಾಗ ಕಪ್ಪು ಕಲೆ ಮೂಡುತ್ತದೆ. ಅಷ್ಟಾದ ಮೇಲೆ ಒರೆಸಿ ಪ್ರಯೋಜನವಿಲ್ಲ. ಪಾಲಿಶ್ ಉಜ್ಜಿ ತೆಗೆದು, ಶೇಕಡ 3ರ ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ನೆನೆಸಿದ ಬಟ್ಟೆಯನ್ನು ಕಲೆಯ ಮೇಲಷ್ಟೇ ಕೆಲವು ಗಂಟೆ ಇಟ್ಟರೆ ತಿಳಿಯಾಗಬಹುದು. ಇಲ್ಲವಾದರೆ ಆ ಹಲಗೆಯನ್ನು ಬದಲಾಯಿಸುವುದೇ ದಾರಿ. ನೆಲ ಹಾಸುವಾಗ ಉಳಿದ ನಾಲ್ಕೈದು ಹಲಗೆಗಳನ್ನು ಎಸೆಯದೆ ಅಟ್ಟದ ಮೇಲೆ ಇಟ್ಟುಕೊಳ್ಳಬೇಕೆನ್ನುವುದು ಇದಕ್ಕೇ.

ನಾಯಿಮರಿ ತನ್ನ ವಯಸ್ಸಿನ ತಿಂಗಳಿಗೊಂದು ಗಂಟೆಯಂತೆ, ಹೆಚ್ಚೆಂದರೆ ಅದರ ಮೇಲೆ ಇನ್ನೊಂದು ಗಂಟೆ, ತಡೆದುಕೊಳ್ಳಬಲ್ಲದು. ಎದ್ದೊಡನೆ, ಉಂಡೊಡನೆ, ಆಡಿ ಮುಗಿಸಿದೊಡನೆ ಹೊರಗೆ ಕರೆದೊಯ್ದರೆ ಬಹಳಷ್ಟು ಅನಾಹುತ ತಪ್ಪುತ್ತದೆ. ಮರದ ಮೇಲೆ ಪೇಪರ್ ಹಾಸಿ ಅಭ್ಯಾಸ ಮಾಡಿಸುವುದು ಬೇಡ. ಒದ್ದೆ ಕಾಗದ ತೇವವನ್ನು ಹಲಗೆಗೆ ಒತ್ತಿ ಹಿಡಿದಿರುತ್ತದೆ. ಶಿಸ್ತು ಕಲಿತ ನಾಯಿ ಇದ್ದಕ್ಕಿದ್ದಂತೆ ಮನೆಯೊಳಗೆ ಮಾಡತೊಡಗಿದರೆ ಗದರಿಸುವ ಮೊದಲು ಪಶುವೈದ್ಯರಲ್ಲಿಗೆ ಒಯ್ಯಿರಿ, ಮೂತ್ರದ ಸೋಂಕು, ಮಧುಮೇಹ, ಮೂತ್ರಪಿಂಡದ ತೊಂದರೆ ಹೀಗೇ ಮೊದಲಾಗುತ್ತವೆ. ನೀರಿನ ಬಟ್ಟಲನ್ನು ಅಡುಗೆಮನೆಯ ಟೈಲ್ಸ್ ಮೇಲಿಡಿ. ಲ್ಯಾಬ್ರಡಾರ್ ಕುಡಿಯುವಾಗ ಹೊಟ್ಟೆಗೆ ಹೋಗುವಷ್ಟೇ ನೀರು ನೆಲಕ್ಕೂ ಹೋಗುತ್ತದೆ.

ಜಾರುವ ನೆಲ

ನುಣುಪಾದ ಹಲಗೆಯ ಮೇಲೆ ನಾಯಿಗೆ ಹಿಡಿತ ಸಿಗುವುದಿಲ್ಲ. ಎಳೆಯ ನಾಯಿ ಜಾರಿದರೆ ನಮಗೆ ನಗು ಬರುತ್ತದೆ. ಸೊಂಟದ ಕೀಲು ಸಡಿಲವಿರುವ ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್ ತಳಿಗಳಿಗೂ, ಸಂಧಿವಾತ ಬಂದ ಮುದಿ ನಾಯಿಗೂ ದಿನವೂ ಹೀಗೆ ಜಾರುವುದು ನೋವನ್ನು ಹೆಚ್ಚಿಸುತ್ತದೆ. ಪಾಲಿಶನ್ನು ಹಣ ಕೊಟ್ಟು ಮತ್ತೆ ಹಾಕಿಸಬಹುದು, ಸವೆದ ಕೀಲನ್ನು ಹಾಗೆ ಮಾಡಲಾಗುವುದಿಲ್ಲ. ಆದ್ದರಿಂದ ಅಂದ ಕೆಟ್ಟರೂ ಸರಿ ಎಂದು ನಾಯಿ ಓಡಾಡುವ ದಾರಿಗೆ ಹಾಸು ಹಾಕಲೇಬೇಕು. ಬಾಗಿಲಿನಿಂದ ಊಟದ ಬಟ್ಟಲಿನವರೆಗೆ, ಮಲಗುವ ಜಾಗದ ಸುತ್ತ, ಮೆಟ್ಟಿಲುಗಳ ಮೇಲೆ ಹಾಸಿದರೆ ಸಾಕು, ಕೋಣೆಯಿಡೀ ಬೇಕಿಲ್ಲ. ಹತ್ತಿಯ ಜಮಖಾನೆ ಒಳ್ಳೆಯದೇ, ಆದರೆ ಮರದ ಮೇಲೆ ಅದೇ ಜಾರುತ್ತದೆ; ಅಡಿಗೆ ಉಣ್ಣೆಯ ಫೆಲ್ಟ್ ಅಥವಾ ನೈಸರ್ಗಿಕ ರಬ್ಬರಿನ ಜಾಲರಿ ಹಾಕಿ. ಅಗ್ಗದ ಪಿವಿಸಿ ಬೆನ್ನಿನ ಮ್ಯಾಟುಗಳು ಪಾಲಿಶಿನ ಮೇಲೆ ಹಳದಿ ಕಲೆ ಬಿಡುತ್ತವೆ. ಪಾಮರೇನಿಯನ್, ಶಿಟ್ಸುವಿನಂತಹ ನಾಯಿಗಳ ಪಾದದ ಮೆತ್ತೆಗಳ ನಡುವಿನ ಕೂದಲನ್ನು ಆಗಾಗ ಕತ್ತರಿಸಿದರೂ ಜಾರುವುದು ಎಷ್ಟೋ ತಗ್ಗುತ್ತದೆ. ದೀಪಾವಳಿಯ ರಾತ್ರಿಗಳಲ್ಲಿ ಹೆದರಿದ ನಾಯಿ ಒಂದೇ ಮೂಲೆಯನ್ನು ಕೆರೆಯುತ್ತದೆ. ಅಲ್ಲಿ ದಪ್ಪ ಕಂಬಳಿ ಹಾಸಿ, ಬೈಯದೆ ಬಿಡಿ. ಏಪ್ರಿಲ್‌ನ ಸೆಖೆಯಲ್ಲಿ ಮೆತ್ತನೆಯ ಹಾಸಿಗೆಯನ್ನೂ ಬಿಟ್ಟು ಅದು ಬಚ್ಚಲ ಬಾಗಿಲಿಗೆ ಹೋಗಿ ಮಲಗಿದರೆ ಬೇಸರಪಡಬೇಕಿಲ್ಲ, ಮರ ಕಲ್ಲಿನಷ್ಟು ತಂಪಲ್ಲ.

ಬೇಸಿಗೆಯಲ್ಲಿ ಮರ ಕುಗ್ಗಿ ಸಂದುಗಳು ಅಗಲವಾಗುತ್ತವೆ, ಮಳೆಗಾಲದಲ್ಲಿ ಹಿಗ್ಗಿ ಕೂಡಿಕೊಳ್ಳುತ್ತವೆ. ಬೇಸಿಗೆಯ ಆ ಸಂದುಗಳಲ್ಲಿ ಕೂದಲಿನೊಡನೆ ಚಿಗಟದ ಮೊಟ್ಟೆಗಳೂ ಸೇರುತ್ತವೆ, ಬೆಳಕಿಗೆ ಹೆದರುವ ಮರಿಹುಳುಗಳು ಅಲ್ಲೇ ಬೆಳೆಯುತ್ತವೆ, ಉಣ್ಣಿಯೂ ಬಿರುಕುಗಳಲ್ಲೇ ಮೊಟ್ಟೆಯಿಡುತ್ತದೆ. ನಾಯಿಗೆ ಔಷಧ ಹಾಕಿದ ವಾರಗಳಲ್ಲಿ ಸಂದುಗಳನ್ನು ವ್ಯಾಕ್ಯೂಮಿನ ಕಿರುಮೂತಿಯಿಂದ ಪದೇ ಪದೇ ಹೀರಿಸದಿದ್ದರೆ ಔಷಧದ ಹಣ ದಂಡ. ಬೆಕ್ಕಿದ್ದರೆ ಪರ್ಮೆಥ್ರಿನ್ ಇರುವ ಕೀಟನಾಶಕವನ್ನು ನೆಲಕ್ಕಾಗಲಿ ನಾಯಿಗಾಗಲಿ ಪಶುವೈದ್ಯರನ್ನು ಕೇಳದೆ ಹಾಕಬೇಡಿ, ಬೆಕ್ಕಿಗೆ ಅದು ಪ್ರಾಣಾಂತಿಕ.

ಇಷ್ಟೆಲ್ಲ ಮಾಡಿದರೂ ಕೆಲವು ವರ್ಷಗಳಲ್ಲಿ ಪಾಲಿಶ್ ಸವೆಯುತ್ತದೆ. ಒಂದು ಹನಿ ನೀರು ಮುತ್ತಿನಂತೆ ನಿಲ್ಲದೆ ಮರಕ್ಕೆ ಇಳಿದು ಕಪ್ಪಾದರೆ ಮರುಪಾಲಿಶ್ ಮಾಡಿಸಬೇಕು. ಅದಕ್ಕೆ ಮಳೆ ನಿಂತ ಮೇಲಿನ ಡಿಸೆಂಬರ್, ಜನವರಿ ಅನುಕೂಲ. ಉಜ್ಜುವ ಧೂಳು, ಪಾಲಿಶಿನ ಆವಿ ಎರಡೂ ಪ್ರಾಣಿಗಳಿಗೆ ಆಗದು. ಪಂಜರದ ಹಕ್ಕಿಗಳಿಗಂತೂ ತೀರ ಅಪಾಯ. ಆ ದಿನಗಳಿಗೆ ಅವನ್ನು ನೆಂಟರ ಮನೆಗೆ ಕಳಿಸಿ, ಕಿಟಕಿಗಳನ್ನು ತೆರೆದಿಡಿ. ಮುಟ್ಟಿದರೆ ಒಣಗಿದಂತೆ ಕಂಡರೂ ಪಾಲಿಶ್ ಪೂರ್ತಿ ಗಟ್ಟಿಯಾಗಲು ವಾರಗಳೇ ಹಿಡಿಯಬಹುದಾದ್ದರಿಂದ, ಡಬ್ಬಿಯ ಮೇಲೆ ಬರೆದ ಅವಧಿ ಮುಗಿಯುವವರೆಗೆ ನಾಯಿಯನ್ನು ಆ ಕೋಣೆಗೆ ಬಿಡಬಾರದು, ಜಮಖಾನೆಗಳನ್ನೂ ಮತ್ತೆ ಹಾಸಬಾರದು.