ನಲವತ್ತೊಂದಕ್ಕೆ ಕೋವಿ ಹಿಡಿದೆ: ವಿಸ್ಕಾನ್ಸಿನ್‌ನಲ್ಲಿ ನನ್ನ ಮೊದಲ ಜಿಂಕೆ

ಮೊದ್ಲೇ ಹೇಳ್ಬಿಡ್ತೀನಿ, ಇದು ಊರಿನ ಕತೆ ಅಲ್ಲ. ಊರಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ, ಜಿಂಕೆ ಮೇಲೆ ಕೋವಿ ಎತ್ತಿದ್ರೆ ಕೇಸು, ಜೈಲು. ನಾನಿರೋದು ಅಮೆರಿಕದ ವಿಸ್ಕಾನ್ಸಿನ್, ಮ್ಯಾಡಿಸನ್ ಹತ್ರ. ಇಲ್ಲಿ ನವೆಂಬರ್ ಕೊನೇಲಿ ಬರೋ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರದಿಂದ ಒಂಬತ್ತು ದಿನ ಗನ್ ಸೀಸನ್, ಅಂದ್ರೆ ಕೋವಿಲಿ ಜಿಂಕೆ ಬೇಟೆಯ ಕಾಲ, ಆ ವಾರ ನಮ್ಮ ಆಫೀಸ್ ಅರ್ಧ ಖಾಲಿ. ನಮ್ಮ ತಾತಂದು ಸಕಲೇಶಪುರದ ಕಡೆ, ಕೋವಿ ಇತ್ತು, ಮರಸು (ಪ್ರಾಣಿ ಬರೋ ದಾರೀಲಿ ಅಡಗಿ ಕಾಯೋದು) ಕೂತಿದ್ದು, ಹಳು (ಪೊದೆಗಾಡು) ನುಗ್ಗಿದ್ದು ಎಲ್ಲಾ ಕೇಳ್ಕೊಂಡೇ ಬೆಳೆದವ್ನು ನಾನು, ಆದ್ರೆ ಕೈಯಲ್ಲಿ ಹಿಡಿದಿದ್ದು ಮಾತ್ರ ಜಾತ್ರೆ ಬಲೂನ್ ಹೊಡೆಯೋ ಗನ್ನು.

ವೀಸಾದಲ್ಲಿರೋರು ಗನ್ ಮುಟ್ಟೋ ಹಾಗೇ ಇಲ್ಲ ಅಂತ ನಮ್ಮೋರಲ್ಲಿ ಒಂದು ಮಾತಿದೆ. ಪೂರ್ತಿ ನಿಜ ಅಲ್ಲ, ಎಚ್-1ಬಿ ಥರದ ವೀಸಾದವ್ರಿಗೆ ಫೆಡರಲ್ ಕಾನೂನಲ್ಲಿ ನಿಷೇಧ ಇರೋದು ಹೌದು, ಆದ್ರೆ ಚಾಲ್ತಿಯಲ್ಲಿರೋ ಹಂಟಿಂಗ್ ಲೈಸೆನ್ಸ್ ಇದ್ರೆ ಅದಕ್ಕೆ ವಿನಾಯಿತಿ ಇದೆ. ನಾನು ಪುಕ್ಕಲ, ಗ್ರೀನ್ ಕಾರ್ಡ್ ಬಂದ್ಮೇಲೇ ಶುರು ಮಾಡಿದ್ದು.

1973ರ ಜನವರಿ 1 ಅಥವಾ ಆಮೇಲೆ ಹುಟ್ಟಿದೋರು ಇಲ್ಲಿ ಹಂಟರ್ ಎಜುಕೇಶನ್ ಪಾಸಾಗಿರ್ಬೇಕು. ಕ್ಲಾಸಿಗೆ ಹೋದ್ರೆ ಸುತ್ತ ಹನ್ನೊಂದು ಹನ್ನೆರಡು ವರ್ಷದ ಮಕ್ಕಳು, ಮಧ್ಯ ನಾನೊಬ್ಬ ಬಿಳಿಗಡ್ಡ. ಬೇಲಿ ದಾಟೋ ಪರೀಕ್ಷೆಲಿ ಗನ್ ಖಾಲಿ ಮಾಡಿ ನೆಲಕ್ಕಿಟ್ಟು ಆಮೇಲೆ ದಾಟ್ಬೇಕು, ನಾನು ಹಿಡ್ಕೊಂಡೇ ಕಾಲೆತ್ತಿದೆ, ಒಂದು ಹುಡುಗಿ "ಸರ್, ನೀವೀಗ ಸತ್ರಿ" ಅಂದ್ಲು. ಅದಾದ್ಮೇಲೆ ಎರಡನೇ ಸಲ ಆ ತಪ್ಪು ಮಾಡಿಲ್ಲ.

ರೈಫಲ್ ಸೆಕೆಂಡ್ ಹ್ಯಾಂಡ್, 308 ಅನ್ನೋ ಅಳತೆದು ತಗೊಂಡೆ. ತೋಟಾದ ಗುಂಡು ತಾಮ್ರದ್ದು, ಯಾಕಂದ್ರೆ ಸೀಸದ ಗುಂಡು ಒಳಗೆ ಚೂರಾಗಿ ಮಾಂಸದಲ್ಲಿ ಹರಡುತ್ತೆ, ಮನೇಲಿ ಮಕ್ಕಳು ತಿನ್ನೋದು. ದುಡ್ಡು ದಂಡ ಮಾಡಿದ್ದು ಕಾಡಿನ ಬಣ್ಣದ ಕ್ಯಾಮೋ ಬಟ್ಟೆ ಮೇಲೆ, ಗನ್ ಸೀಸನ್ನಲ್ಲಿ ಸೊಂಟದ ಮೇಲಿನ ಬಟ್ಟೆ ಅರ್ಧಕ್ಕಾದ್ರೂ ಢಾಳಾದ ಕಿತ್ತಳೆನೋ ಗುಲಾಬಿನೋ ಇರ್ಲೇಬೇಕು, ಕ್ಯಾಮೋ ಎಲ್ಲಾ ಅದರಡಿ ಮುಚ್ಚೋಯ್ತು. ಜಿಂಕೆಗೆ ಆ ಕಿತ್ತಳೆ ನಮಗೆ ಕಂಡಂಗೆ ಕಾಣೋದೂ ಇಲ್ಲ. ಅದಕ್ಕೆ ಗೊತ್ತಾಗೋದು ವಾಸನೆ ಮತ್ತೆ ಅಲುಗಾಟ. ಮೊದಲ ವರ್ಷ ನಾಲ್ಕು ದಿನ ಕೂತೆ, ನಾಲ್ಕೂ ದಿನ ಗಾಳಿ ನನ್ನ ಬೆನ್ನಿಂದ ಅದರ ಮೂತಿಗೆ. ಪೊದೆ ಹಿಂದಿಂದ ಫುಸ್ಸ್ ಅಂತ ಸೀನಿದಂಗೆ ಸದ್ದು, ಬಿಳಿ ಬಾಲ ಎತ್ಕೊಂಡು ಮಾಯ. ಒಂದು ಈಡೂ ಇಲ್ಲ.

ಎರಡನೇ ವರ್ಷ ಪಕ್ಕದ ರಸ್ತೆಯ ಅಜ್ಜ, ಹಿಂದೆ ಹೈನುಗಾರಿಕೆ ಮಾಡ್ತಿದ್ದೋರು, ಅವರ ಜಮೀನಲ್ಲಿ ಕೂರಕ್ಕೆ ಬಿಟ್ರು. ಮೌಂಟ್ ಹೋರೆಬ್ ಕಡೆ, ಗುಡ್ಡ ಕಣಿವೆ, ಬಿಸಿಲಿಲ್ಲದಿದ್ರೆ ನಮ್ಮ ಮಲ್ನಾಡೇ ಅನ್ಸುತ್ತೆ, ಚಳಿ ಒಂದು ಬಿಟ್ರೆ. ಈ ಸಲ ಮೊದಲು ಗಾಳಿ ನೋಡಿ ಆಮೇಲೆ ಜಾಗ ಆರಿಸ್ದೆ. ಸೊನ್ನೆಗಿಂತ ಆರು ಡಿಗ್ರಿ ಕೆಳಗೆ, ಕಾಲ್ಬೆರಳು ಇದ್ಯೋ ಇಲ್ವೋ ಗೊತ್ತಾಗ್ತಿಲ್ಲ, ಏಳೂ ಮುಕ್ಕಾಲಿಗೆ ಓಕ್ ಮರಗಳ ಸಂದಿಂದ ಒಂದು ಹೆಣ್ಣು ಜಿಂಕೆ ಬಂತು, ಅರವತ್ತು ಗಜ ಇರ್ಬೋದು. ಕೊಂಬಿಲ್ಲದ್ದಕ್ಕೆ ಬೇರೆ ಟ್ಯಾಗ್ (ಪರವಾನಗಿ ಚೀಟಿ) ಬೇಕು, ನನ್ನ ಹತ್ರ ಇತ್ತು. ಮುಂಗಾಲ ಹಿಂದೆ, ಎದೆಯ ಅರ್ಧ ಎತ್ತರಕ್ಕೆ ಹೊಡೀಬೇಕು ಅಂತ ನೂರು ಸಲ ಓದಿದ್ದೆ. ಎದೆ ಬಡಿತಕ್ಕೆ ಸ್ಕೋಪೇ ಕುಣೀತಿತ್ತು, ಕೋವಿಯ ಕುದುರೆ (ಟ್ರಿಗರ್) ಎಳೆದಾಗ ಜಿಂಕೆನೂ ಒಂದು ಹೆಜ್ಜೆ ಮುಂದಿಟ್ಟಿತ್ತು.

ಅದು ಬೆನ್ನು ಗೂನು ಮಾಡ್ಕೊಂಡು ಓಡಿತು. ಹೋಗಿ ನೋಡಿದ್ರೆ ಎಲೆ ಮೇಲೆ ರಕ್ತ ಕಪ್ಪುಗೆಂಪು. ಶ್ವಾಸಕೋಶಕ್ಕೆ ಬಿದ್ರೆ ತಿಳಿ ಗುಲಾಬಿ ಬಣ್ಣ, ನೊರೆ ಇರುತ್ತೆ, ಇದು ಹಿಂದಕ್ಕೆ ಹೋಗಿ ಪಿತ್ತಜನಕಾಂಗಕ್ಕೆ ಬಿದ್ದಿದೆ ಅಂತರ್ಥ. ಆಗ ಬೆನ್ನಟ್ಟಿದ್ರೆ ಮಲಗಿರೋದು ಎದ್ದು ಮೈಲಿಗಟ್ಲೆ ಹೋಗುತ್ತೆ. ಅಜ್ಜನಿಗೆ ಫೋನ್ ಮಾಡ್ದೆ, "ಮನೆಗ್ ಬಾ, ಕಾಫಿ ಕುಡಿ" ಅಂದ್ರು. ನಾಲ್ಕು ಗಂಟೆ ಹೊತ್ತು ಕಾಯ್ಬೇಕು. ಆ ನಾಲ್ಕು ಗಂಟೆ ನನಗೆ ಆ ಕಾಫಿ ಇಳೀಲಿಲ್ಲ, ಅಲ್ಲೊಂದು ಜೀವ ನನ್ನಿಂದ ನರಳ್ತಿದೆ, ನಾನಿಲ್ಲಿ ಬಿಸ್ಕೆಟ್ ಮುಂದೆ. ವರ್ಷಪೂರ್ತಿ ಟೇಬಲ್ ಮೇಲಿಟ್ಟು ಟಾರ್ಗೆಟ್ ಹೊಡೆದವ್ನು ಒಂದು ದಿನಾನೂ ಕೂತು, ಮೊಣಕಾಲೂರಿ ಹೊಡೆದು ನೋಡಿರ್ಲಿಲ್ಲ, ತಪ್ಪು ಅಲ್ಲಿತ್ತು.

ಮಧ್ಯಾಹ್ನ ಹನಿ ಹನಿ ಹಿಡಿದು ನೂರೈವತ್ತು ಗಜ ಹೋದ್ವಿ, ಒಣಗಿದ ಹಳ್ಳದಲ್ಲಿ ಮಲಗಿತ್ತು. ಸತ್ತು ಬಹಳ ಹೊತ್ತಾಗಿತ್ತು.

ಮುಂದಿನದ್ದು ಚೂರಿ ಕೆಲಸ. ಹೊಟ್ಟೆ ಚರ್ಮದಡಿ ಎರಡು ಬೆರಳು ತೂರ್ಸಿ, ಆ ಬೆರಳುಗಳ ಮಧ್ಯೆ ಚೂರಿ ಅಲಗು ಮೇಲ್ಮುಖವಾಗಿಟ್ಟು ಸೀಳ್ಬೇಕು, ಇಲ್ದಿದ್ರೆ ಕರುಳು ತೂತಾಗಿ ಮಾಂಸ ಹಾಳು. ಉಚ್ಚೆ ಚೀಲ ಒಡೀಬಾರ್ದು. ಎದೆಗೂ ಹೊಟ್ಟೆಗೂ ನಡುವಿನ ಪರದೆ ಸುತ್ತ ಕುಯ್ದು, ಮೊಣಕೈವರೆಗೆ ಒಳಗೆ ಕೈ ಹಾಕಿ ಶ್ವಾಸನಾಳ ಹಿಡಿದು ಕತ್ತರಿಸಿ ಎಳೆದ್ರೆ ಎಲ್ಲಾ ಒಟ್ಟಿಗೆ ಬರುತ್ತೆ. ಒಳಗಿನ್ನೂ ಬೆಚ್ಚಗಿತ್ತು, ಚಳಿಗೆ ಮತ್ತೆ ಮರಗಟ್ಟಿದ್ದ ಕೈಬೆರಳಿಗೆ ಅಲ್ಲೇ ಜೀವ ಬಂತು. ಆ ಕ್ಷಣ ಏನನ್ಸ್ತು ಅಂತ ಹೆಂಡತಿಗೂ ಹೇಳಿಲ್ಲ.

ಹೊಡೆದ ಜಿಂಕೆನ ಮಾರನೇ ದಿನ ಸಂಜೆ 5ರೊಳಗೆ ಆನ್‌ಲೈನ್‌ನಲ್ಲಿ ನೋಂದಾಯಿಸ್ಬೇಕು. ಇನ್ನೊಂದು, ಈ ಭಾಗದಲ್ಲಿ 2002ರಲ್ಲಿ ಪತ್ತೆಯಾದ ಸಿಡಬ್ಲ್ಯೂಡಿ ಅನ್ನೋ ಜಿಂಕೆ ಮೆದುಳಿನ ಕಾಯಿಲೆ ಇದೆ, ಬೇಯ್ಸಿದ್ರೂ ಅದು ಹೋಗಲ್ಲ. ಮನುಷ್ಯರಿಗೆ ಬಂದಿದ್ದು ಗೊತ್ತಾಗಿಲ್ಲ, ಆದ್ರೂ ಪಾಸಿಟಿವ್ ಬಂದಿದ್ದು ತಿನ್ಬೇಡಿ ಅಂತಾರೆ. ಪರೀಕ್ಷೆ ಉಚಿತ, ತಲೆ ಕೊಟ್ಟು ಬಂದೆ, ಫಲಿತಾಂಶ ಬರೋವರೆಗೆ ಮಾಂಸ ಫ್ರೀಜರ್‌ನಲ್ಲಿ ಚೀಟಿ ಅಂಟ್ಸ್ಕೊಂಡು ಕಾಯ್ತಿತ್ತು. ಕಾಯಿಲೆ ಇಲ್ಲ ಅಂತ ಬಂತು.

ಜಿಂಕೆ ನೆಣ ಪೂರ್ತಿ ತೆಗೀರಿ, ಬಾಯಲ್ಲಿ ಮೇಣದ ಥರ ಅಂಟುತ್ತೆ. ಬಿಳಿ ಪೊರೆನೂ ಬಿಡ್ಬೇಡಿ. ತೊಡೆ ಮಾಂಸಕ್ಕೆ ಕಾಳುಮೆಣಸು, ಕೊನೇಲಿ ಒಂದು ಚಮಚ ಕಾಚಂಪುಳಿ (ಕೊಡಗಿನ ಕಪ್ಪು ಹುಳಿ), ಜೊತೆಗೆ ಅಕ್ಕಿರೊಟ್ಟಿ. ಮಗಳು ಎರಡು ಸಲ ಹಾಕಿಸ್ಕೊಂಡ್ಲು.

ಅಪ್ಪನಿಗೆ ಫೋನಲ್ಲಿ ಹೇಳಿದ್ರೆ ಗುರಿ ಬಗ್ಗೆ, ಕೋವಿ ಬಗ್ಗೆ ಒಂದು ಮಾತಿಲ್ಲ. "ಎಷ್ಟ್ ಪಾಲ್ ಹಾಕಿದ್ಯಾ?" ಅಂದ್ರು. ಅಜ್ಜನಿಗೆ ಒಂದು ತೊಡೆ ಕೊಟ್ಟೆ ಅಂದೆ. "ನಾಯಿ ಐತಾ ಅವ್ರತ್ರ? ಅದಕ್ಕೂ ಒಂದ್ ಪಾಲ್ ಕೊಡ್ಬೇಕು ಕಣಾ." ಭಾನುವಾರ ಮೂಳೆ ಕಟ್ಕೊಂಡು ಹೋಗಿ ಕೊಟ್ಟು ಬಂದೆ.