ಆಪರೇಷನ್ ಗಾಯ ಮನೇಲಿ ನೋಡ್ಕೊಳ್ಳೋದು ಹೇಗೆ?

ನಮ್ಮಪ್ಪಂಗೆ ಹರ್ನಿಯಾ ಆಪರೇಷನ್ ಆಗಿ ಮದ್ದೂರು ಕಡೆ ಊರಿಗೆ ಕರ್ಕೊಂಡ್ ಬಂದಾಗ ನೋಡೋಕ್ ಬಂದೋರೆಲ್ಲ ಒಂದೊಂದು ಮದ್ದು ಹೇಳೋರು, ಅರಿಶಿನ ಹಚ್ಚಿ, ಕೊಬ್ಬರಿ ಎಣ್ಣೆ ಸವರಿ, ಕಾಫಿಪುಡಿ ಉದುರಿಸಿ ಅಂತ. ಪ್ರೀತಿಯಿಂದಾನೇ ಹೇಳ್ತಾರೆ, ಆದ್ರೆ ಹೊಲಿಗೆ ಮೇಲೆ ಇದ್ಯಾವ್ದೂ ಹಾಕ್ಬೇಡಿ. ಗಾಯ ತಾನೇ ಕೂಡ್ಕೊಳ್ಳುತ್ತೆ, ಅದನ್ನ ಕ್ಲೀನಾಗಿ ಇಟ್ಟು ಹೊಟ್ಟೆ ತುಂಬ ಊಟ ಹಾಕೋದು ನಮ್ ಕೆಲಸ.

ಮೊದಲ 48 ಗಂಟೆ ಆಸ್ಪತ್ರೇಲಿ ಹಾಕಿದ ಡ್ರೆಸ್ಸಿಂಗ್ ಬಿಚ್ಬೇಡಿ, ನೆನೆಸ್ಬೇಡಿ. ಅಷ್ಟರಲ್ಲಿ ಚರ್ಮದ ಅಂಚು ಅಂಟ್ಕೊಂಡು ಮೇಲೆ ತೆಳ್ಳಗೆ ಪದರ ಕಟ್ಟುತ್ತೆ. ಆಮೇಲೆ ಡಾಕ್ಟ್ರು ಸರಿ ಅಂದ್ರೆ ಉಗುರುಬೆಚ್ಚಗಿನ ನೀರು ಹುಯ್ಕೊಂಡು ಬೇಗ ಸ್ನಾನ ಮುಗಿಸಿ, ಗಾಯ ಉಜ್ಜದೆ ಒಗೆದಿರೋ ಟವೆಲ್ ಮೆತ್ತಗೆ ಒತ್ತಿ ಒರೆಸಿ. ನಾಲೆ, ಕೆರೆ, ಹೊಳೆಗೆ ಇಳಿಯೋದು ಮಾತ್ರ ಗಾಯ ಪೂರ್ತಿ ಮುಚ್ಚೋವರ್ಗೂ ಬೇಡವೇ ಬೇಡ, ಶ್ರೀರಂಗಪಟ್ಟಣದಲ್ಲಿ ಮುಳುಗು ಹಾಕೋ ಹರಕೆ ಇದ್ರೂ ಮುಂದಕ್ಕೆ ಹಾಕಿ.

ಡ್ರೆಸ್ಸಿಂಗ್ ಬದಲಾಯಿಸೋಕ್ ಮುಂಚೆ ಉಂಗುರ, ಬಳೆ ತೆಗೆದಿಟ್ಟು ಸೋಪಲ್ಲಿ 20 ಸೆಕೆಂಡ್ ಕೈ ತೊಳೀರಿ. ಹಳೇ ಬಟ್ಟೆ ಹೊಲಿಗೆ ದಾರಕ್ಕೆ ಒಣಗಿ ಅಂಟ್ಕೊಂಡಿರುತ್ತೆ, ನಾನು ಮೊದಲ್ನೇ ಸಲ ಹಾಗೇ ಎಳೆದುಬಿಟ್ಟೆ, ಅಪ್ಪ ಹಲ್ಲು ಕಚ್ಕೊಂಡ್ರು, ಒಂದು ಹನಿ ರಕ್ತಾನೂ ಬಂತು. ಮೆಡಿಕಲ್ ಶಾಪಲ್ಲಿ ಸಿಗೋ ಸಲೈನ್ ಸ್ವಲ್ಪ ಹಾಕಿ ಐದು ನಿಮಿಷ ಬಿಟ್ರೆ ತಾನೇ ಬಿಟ್ಕೊಳ್ಳುತ್ತೆ. ಬರೀ ಹತ್ತಿ ಇಡ್ಬೇಡಿ, ಎಳೆ ಸಿಕ್ಕಾಕ್ಕೊಳ್ಳುತ್ತೆ. ನೊರೆ ಬರೋ ಹೈಡ್ರೋಜನ್ ಪೆರಾಕ್ಸೈಡ್, ಸ್ಪಿರಿಟ್ಟು ಹುಯ್ಯೋದೂ ಬೇಡ, ಹೊಸದಾಗಿ ಬೆಳೀತಿರೋ ಚರ್ಮಾನೇ ಸುಟ್ಟುಹೋಗುತ್ತೆ. ಪಂಚೆ ಗಂಟು ಗಾಯಕ್ಕೆ ಉಜ್ಜದಂಗೆ ಸಡಿಲವಾಗಿ ಕಟ್ಟಿ.

ಇನ್ನು ಪಥ್ಯದ ವಿಷ್ಯ, ನನಗೆ ತುಂಬಾ ಬೇಜಾರಾಗೋದು ಇಲ್ಲೇ. ಬದ್ನೇಕಾಯಿ ನಂಜು, ಮೊಟ್ಟೆ ನಂಜು, ಮೀನು ನಂಜು ಅಂತ ಎಲ್ಲಾ ಬಿಡಿಸಿ ಬರೀ ಅನ್ನ ತಿಳಿಸಾರು ಕೊಡ್ತಾರೆ, ಗಾಯ ಕೂಡೋಕೆ ಪ್ರೋಟೀನೇ ಬೇಕು ಅನ್ನೋದು ಮರ್ತೇಹೋಗುತ್ತೆ. ಮುದ್ದೆ ಜೊತೆ ಹುರುಳಿಕಾಳಿನ ಬಸ್ಸಾರು, ಮೊಳಕೆಕಾಳು ಸಾರು, ಮೊಟ್ಟೆ, ಹಾಲು, ಮೊಸರು, ಜೊತೆಗೆ ಸೀಬೆಹಣ್ಣು, ನಿಂಬೆಹಣ್ಣು, ಎಲ್ಲಾ ಕೊಡಿ, ಕಿಡ್ನಿ ತೊಂದ್ರೆ ಇರೋರು ಮಾತ್ರ ಡಾಕ್ಟ್ರನ್ನ ಕೇಳಿ. ಶುಗರ್ ಇರೋರು ಅದನ್ನ ಕಂಟ್ರೋಲಲ್ಲಿ ಇಟ್ಕೊಳ್ಳಲೇಬೇಕು, ಜಾಸ್ತಿ ಆದ್ರೆ ಗಾಯ ಮಾಯೋದೂ ನಿಧಾನ, ಕೀವಾಗೋದೂ ಬೇಗ. ಬೀಡಿ, ಸಿಗರೇಟ್ ಪೂರ್ತಿ ಬಿಡಿ.

ದಿನಾ ಬೆಳಕಲ್ಲಿ ಗಾಯ ನೋಡಿ. ಅಂಚಲ್ಲಿ ಸ್ವಲ್ಪ ಕೆಂಪು, ನವೆ ಇದ್ರೆ ಗಾಬರಿ ಬೇಡ. ಕೆಂಪು ಹರಡ್ತಾ ಹೋದ್ರೆ, ಮುಟ್ಟಿದ್ರೆ ಬಿಸಿ ಅನ್ಸಿದ್ರೆ, ಕೀವು, ಕೆಟ್ಟ ವಾಸನೆ, ದಿನದಿಂದ ದಿನಕ್ಕೆ ನೋವು ಜಾಸ್ತಿ, ಜ್ವರ 100.4 ಡಿಗ್ರಿ ದಾಟಿದ್ರೆ ಅವತ್ತೇ ಹೋಗಿ. ಹೊಲಿಗೆ ಬಿಟ್ಕೊಂಡು ಒಳಗಿನದು ಕಾಣಿಸಿದ್ರೆ ಒಳಕ್ಕೆ ತಳ್ಬೇಡಿ, ಶುದ್ಧವಾದ ಬಟ್ಟೆನ ಸಲೈನಲ್ಲಿ ನೆನೆಸಿ ಮುಚ್ಚಿ, ಬಾಯಿಗೆ ಏನೂ ಕೊಡದೆ 108ಕ್ಕೆ ಫೋನ್ ಮಾಡಿ.

ಹೊಲಿಗೆನ ಮುಖದ್ದಾದ್ರೆ ಸುಮಾರು 5 ದಿನಕ್ಕೆ, ಹೊಟ್ಟೇದು 10ರಿಂದ 14 ದಿನಕ್ಕೆ ತೆಗೀತಾರೆ, ಮನೇಲಿ ನೀವೇ ಕತ್ತರಿಸ್ಬೇಡಿ. ಕೆಮ್ಮು ಬಂದಾಗ ಹೊಟ್ಟೆ ಮೇಲೆ ದಿಂಬು ಒತ್ತಿ ಹಿಡ್ಕೊಳ್ಳಿ. ಮೇಲೆ ಹೊಲಿಗೆ ಒಣಗಿದ್ರೂ ಒಳಗೆ ಇನ್ನೂ ಗಟ್ಟಿಯಾಗಿರಲ್ಲ, ಅದಕ್ಕೇ ಅಪ್ಪ 6 ವಾರ ಹುಲ್ಲು ಹೊರೆ ಹೊರ್ಲಿಲ್ಲ, ಹಸುಗೆ ಮೇವು ನಾನೇ ತಂದು ಹಾಕ್ದೆ.