ಕಂಪ್ಯೂಟರಿಗೆ ಯುಪಿಎಸ್ ತರುವ ಮುನ್ನ ಅರ್ಥಿಂಗ್ ನೋಡಿ

ಪೆನ್‌ಡ್ರೈವ್ ಸಿಕ್ಕಿಸಲೆಂದು ಸಿಪಿಯು ಡಬ್ಬಿಯ ಹಿಂದೆ ಕೈ ಹಾಕಿದಾಗ ಬೆರಳು ಜುಮ್ಮೆನ್ನುತ್ತದೆಯೇ? ಬರಿಗಾಲು ನೆಲಕ್ಕೆ ಊರಿದ್ದಾಗ ಹೆಚ್ಚು, ಕಾಲು ಮಣೆಯ ಮೇಲಿದ್ದಾಗ ಕಡಿಮೆ ಅನ್ನಿಸುತ್ತದೆಯೇ? ಹಾಗಿದ್ದರೆ ಯುಪಿಎಸ್ (ಕರೆಂಟ್ ಹೋದಾಗ ಕಂಪ್ಯೂಟರನ್ನು ಸ್ವಲ್ಪ ಹೊತ್ತು ನಡೆಸುವ ಬ್ಯಾಟರಿ ಪೆಟ್ಟಿಗೆ) ಕೊಳ್ಳಲು ಪೇಟೆಗೆ ಹೊರಡಬೇಡಿ. ನಿಮ್ಮ ಮನೆಯ ಅರ್ಥಿಂಗ್, ಅಂದರೆ ಸೋರುವ ಕರೆಂಟನ್ನು ಭೂಮಿಗೆ ಇಳಿಸುವ ವ್ಯವಸ್ಥೆ, ಕೆಟ್ಟಿದೆ, ಅಥವಾ ಇಲ್ಲವೇ ಇಲ್ಲ.

ಶಿರಸಿಯ ಹೊರಗೆ, ಅಡಿಕೆ ತೋಟದ ಅಂಚಿನಲ್ಲಿರುವ ನಮ್ಮ ಮನೆಯಲ್ಲಿ ಎರಡು ಮಳೆಗಾಲಗಳಲ್ಲಿ ಮೂರು ಎಸ್‌ಎಂಪಿಎಸ್ (ಸಿಪಿಯು ಡಬ್ಬಿಯೊಳಗೆ ಕಂಪ್ಯೂಟರಿಗೆ ಬೇಕಾದ ವಿದ್ಯುತ್ ಒದಗಿಸುವ ಪೆಟ್ಟಿಗೆ) ಸುಟ್ಟವು. ಪ್ರತಿ ಸಲವೂ ‘ವೋಲ್ಟೇಜ್ ಸರಿಯಿಲ್ಲ, ಸ್ಟೆಬಿಲೈಸರ್ ಹಾಕಿಸಿ’ ಎಂಬ ಸಲಹೆ ಬಂತು, ಅದನ್ನೂ ಹಾಕಿಸಿದೆವು. ಕೊನೆಗೆ ಊರಿನ ಹಿರಿಯ ವೈರಿಂಗ್ ಕೆಲಸಗಾರರೊಬ್ಬರು ಬಂದು, ಕಂಪ್ಯೂಟರಿನ ಕಡೆ ನೋಡದೆ ಮೀಟರ್ ಬೋರ್ಡಿನಿಂದ ಹೊರಟ ಅರ್ಥ್ ತಂತಿಯ ಬೆನ್ನು ಹಿಡಿದು ನಡೆದರು. ಬಚ್ಚಲುಮನೆಯ ಹಿಂದೆ ಅದು ತುಂಡಾಗಿ ನೇತಾಡುತ್ತಿತ್ತು. ಯಾವಾಗ ತುಂಡಾಗಿತ್ತೋ ಯಾರಿಗೂ ತಿಳಿಯದು. ಅದಕ್ಕೇ ಈ ಲೇಖನ ಅರ್ಥಿಂಗ್‌ನಿಂದ ಶುರುವಾಗುತ್ತದೆ.

ಜುಮ್ಮೆನ್ನುವುದಕ್ಕೆ ಕಾರಣ ಸರಳ. ಎಸ್‌ಎಂಪಿಎಸ್ ಒಳಗೆ ಫೇಸ್ (ಕರೆಂಟ್ ತರುವ ತಂತಿ) ಮತ್ತು ನ್ಯೂಟ್ರಲ್ (ಅದು ಮರಳುವ ತಂತಿ) ಎರಡರಿಂದಲೂ ಡಬ್ಬಿಯ ಲೋಹಕ್ಕೆ ಒಂದೊಂದು ಪುಟ್ಟ ಕೆಪಾಸಿಟರ್ (ವಿದ್ಯುತ್ತನ್ನು ಹಿಡಿದಿಡುವ ಬಿಡಿಭಾಗ) ಜೋಡಿಸಿರುತ್ತಾರೆ. ತಂತಿಯಲ್ಲಿ ಬರುವ ಕಿರಿಕಿರಿಯ ಸಂಕೇತಗಳನ್ನು ಭೂಮಿಗೆ ಇಳಿಸುವುದು ಅವುಗಳ ಕೆಲಸ. ಅರ್ಥ್ ಇಲ್ಲದಿದ್ದರೆ ಡಬ್ಬಿ ಇವೆರಡರ ನಡುವೆ ತೂಗುತ್ತ, 230 ವೋಲ್ಟಿನ ಅರ್ಧದಷ್ಟು, ಅಂದರೆ ಸುಮಾರು 115 ವೋಲ್ಟಿನಲ್ಲಿ ನಿಂತುಬಿಡುತ್ತದೆ. ಹರಿಯುವ ಕರೆಂಟ್ ತೀರಾ ಕಡಿಮೆಯಾದ್ದರಿಂದ ಜುಮ್ಮೆನ್ನುವುದರಲ್ಲೇ ಮುಗಿಯುತ್ತದೆ. ಆದರೆ ಅದೇ ವೋಲ್ಟೇಜ್ ಮಾನಿಟರ್, ಪ್ರಿಂಟರ್‌ಗಳ ಕೇಬಲ್ ಸಿಕ್ಕಿಸುವ ಕ್ಷಣದಲ್ಲಿ ಪೋರ್ಟುಗಳನ್ನು ಸುಡಬಲ್ಲದು. ಒಳಗೆ ಫೇಸ್ ತಂತಿಯೇ ಡಬ್ಬಿಗೆ ತಾಗಿದರಂತೂ ಜೀವಕ್ಕೇ ಅಪಾಯ.

ಮೊದಲ ಕೆಲಸ: ಸಾಕೆಟ್ ಅಳೆಯುವುದು

ಒಂದು ಸಾಧಾರಣ ಮಲ್ಟಿಮೀಟರ್ ಕೊಳ್ಳಿ. ಅದನ್ನು ಎಸಿ ವೋಲ್ಟಿನ 600 ಅಥವಾ 750ರ ಮನೆಗೆ ತಿರುಗಿಸಿ. ಕೈ ಒಣಗಿರಲಿ, ಕಾಲಲ್ಲಿ ರಬ್ಬರ್ ಚಪ್ಪಲಿ ಇರಲಿ. ಮೂರು ರಂಧ್ರದ ಸಾಕೆಟ್‌ನಲ್ಲಿ ಮೇಲಿನ ದೊಡ್ಡ ರಂಧ್ರ ಅರ್ಥ್. ನಿಮಗೆ ಎದುರಾಗಿ ಬಲಗಡೆಯದು ಫೇಸ್, ಎಡಗಡೆಯದು ನ್ಯೂಟ್ರಲ್ ಇರಬೇಕು. ಫೇಸ್ ಮತ್ತು ನ್ಯೂಟ್ರಲ್ ನಡುವೆ 230ರ ಆಸುಪಾಸು, ಫೇಸ್ ಮತ್ತು ಅರ್ಥ್ ನಡುವೆ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟ್ ಬಂದರೆ ಒಳ್ಳೆಯ ಲಕ್ಷಣ. ಕೊನೆಯದು 30, 40 ಎಂದು ತೋರಿಸಿದರೆ ಅರ್ಥ್ ದುರ್ಬಲವಾಗಿದೆ, ಇಲ್ಲವೇ ಎಲ್ಲೋ ನ್ಯೂಟ್ರಲ್ ಸಡಿಲವಾಗಿದೆ.

ಅಂಕಿಗಳು ಸರಿ ಬಂದವೆಂದು ಅಷ್ಟಕ್ಕೇ ನಂಬಬೇಡಿ. ಮಲ್ಟಿಮೀಟರ್ ಎಳೆಯುವ ಕರೆಂಟ್ ಎಷ್ಟು ಅಲ್ಪವೆಂದರೆ, ಭೂಮಿಗೆ ಅರೆಬರೆ ತಾಗಿದ ತಂತಿಯೂ ಅದಕ್ಕೆ ಸರಿಯಾಗಿಯೇ ಕಾಣುತ್ತದೆ. ಅದಕ್ಕಾಗಿ ಎಲೆಕ್ಟ್ರಿಷಿಯನ್ನರು ಫೇಸ್ ಮತ್ತು ಅರ್ಥ್ ನಡುವೆ 100 ವಾಟಿನ ಹಳೆಯ ಕಾಲದ ಫಿಲಮೆಂಟ್ ಬಲ್ಬ್ ಹಿಡಿದು ನೋಡುತ್ತಾರೆ. ಮಂಕಾಗಿ ಉರಿದರೆ ಅರ್ಥಿಂಗ್ ಕೆಟ್ಟಿದೆ ಎಂದರ್ಥ. ಮನೆಯಲ್ಲಿ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಕಡಿಯುವ ಸ್ವಿಚ್) ಇದ್ದರೆ ಅದು ಆಗ ಟ್ರಿಪ್ ಆಗಲೇಬೇಕು. ಈ ಪರೀಕ್ಷೆಯನ್ನು ನೀವೇ ಮಾಡಲು ಹೋಗಬೇಡಿ. ಅದು ನಡೆಯುವಾಗ ಮನೆಯವರು ಫ್ರಿಜ್, ಗ್ರೈಂಡರ್, ಪಂಪಿನ ಲೋಹವನ್ನು ಮುಟ್ಟಬಾರದು, ಏಕೆಂದರೆ ಕೆಟ್ಟ ಅರ್ಥ್ ಇರುವ ಮನೆಯಲ್ಲಿ ಆ ಹೊತ್ತಿಗೆ ಎಲ್ಲದರ ಮೈಗೂ ಕರೆಂಟ್ ಬರಬಹುದು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಿದೆ. ಕೆಲವರು ಕೆಲಸ ಬೇಗ ಮುಗಿಸಲು ಸಾಕೆಟ್ ಒಳಗೇ ನ್ಯೂಟ್ರಲ್‌ನಿಂದ ಒಂದು ತುಂಡು ತಂತಿ ಎಳೆದು ಅರ್ಥ್ ಪಿನ್ನಿಗೆ ಕಟ್ಟಿಬಿಡುತ್ತಾರೆ. ಮೀಟರ್ ಹಿಡಿದರೆ ಎಲ್ಲವೂ ಸರಿ ಕಾಣುತ್ತದೆ, ಜುಮ್ಮೆನ್ನುವುದೂ ನಿಲ್ಲುತ್ತದೆ. ಆದರೆ ಒಂದು ದಿನ ನ್ಯೂಟ್ರಲ್ ತುಂಡಾದರೆ ಪೂರ್ತಿ 230 ವೋಲ್ಟ್ ಕಂಪ್ಯೂಟರಿನ ಮೈಗೆ ಬಂದು ಕೂರುತ್ತದೆ. ಹೀಗೆ ಕಟ್ಟಿದ್ದು ಕಂಡರೆ ಅಂದೇ ತೆಗೆಸಿ.

ಅರ್ಥ್ ಗುಂಡಿಯ ವಿಚಾರ

ಘಟ್ಟದ ಮೇಲಿರಲಿ, ಕೆಳಗಿರಲಿ, ನಮ್ಮ ಉತ್ತರ ಕನ್ನಡ ಜಿಲ್ಲೆಯ ಬಹಳಷ್ಟು ಮನೆಗಳು ಜಂಬಿಟ್ಟಿಗೆ ನೆಲದ ಮೇಲಿವೆ. ಮಳೆಗಾಲದಲ್ಲಿ ತೊಯ್ದು ತೊಪ್ಪೆಯಾಗುವ ಈ ನೆಲ ಮಾರ್ಚ್ ಹೊತ್ತಿಗೆ ಬಿರುಕು ಬಿಡುವಷ್ಟು ಒಣಗುತ್ತದೆ. ಒಣ ಜಂಬಿಟ್ಟಿಗೆ ಕರೆಂಟನ್ನು ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಆದ್ದರಿಂದ ಅರ್ಥ್ ಗುಂಡಿ ಬಚ್ಚಲ ನೀರು ಇಂಗುವ ಕಡೆ, ಅಥವಾ ತೋಟದ ತಂಪು ತಾಗುವ ಬದಿಗೆ ಇರಲಿ. ಸುಮಾರು ಎರಡೂವರೆ ಮೀಟರ್ ಉದ್ದದ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಇಳಿಸಿ, ಸುತ್ತ ಇದ್ದಿಲು ಮತ್ತು ಉಪ್ಪನ್ನು ಪದರ ಪದರವಾಗಿ ತುಂಬಿ, ನೀರು ಹಾಕಲು ಬಾಯಿ ತೆರೆದಿಡುವುದು ರೂಢಿ. ಫೆಬ್ರವರಿಯಿಂದ ಮೇ ತನಕ ವಾರಕ್ಕೊಮ್ಮೆ ಒಂದೆರಡು ಕೊಡ ನೀರು ಹೊಯ್ಯಿರಿ. ಅರ್ಥ್ ರೆಸಿಸ್ಟೆನ್ಸ್ ಅಳೆಯುವ ಉಪಕರಣ ಇರುವವರು ಸಿಕ್ಕರೆ 5 ಓಮ್‌ಗಿಂತ ಕೆಳಗಿದೆಯೇ ಎಂದು ನೋಡಿಸಿ.

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ಕಡಲಂಚಿನವರಿಗೆ ಬೇರೆ ಕಾಟ. ಅಲ್ಲಿ ಉಪ್ಪುಗಾಳಿಗೆ ಪೈಪಿನ ಕ್ಲಾಂಪ್ ತುಕ್ಕು ಹಿಡಿಯುತ್ತದೆ, ತಾಮ್ರದ ತುದಿಗೆ ಹಸಿರು ಕಿಲುಬು ಕಟ್ಟುತ್ತದೆ, ಸಾಕೆಟ್ ಒಳಗಿನ ಹಿತ್ತಾಳೆಯ ಹಿಡಿತ ಸಡಿಲವಾಗುತ್ತದೆ. ವರ್ಷಕ್ಕೊಮ್ಮೆ, ಮಳೆ ನಿಂತ ಮೇಲೆ, ಮೇನ್ ಸ್ವಿಚ್ ಆರಿಸಿ ಎಲ್ಲ ಜೋಡಣೆಗಳನ್ನೂ ತಿಕ್ಕಿ ಬಿಗಿ ಮಾಡಿಸಿ. ಪ್ಲಗ್ ಮುಟ್ಟಿದರೆ ಬಿಸಿ ಇದ್ದರೆ, ಅಥವಾ ಸಾಕೆಟ್‌ನಲ್ಲಿ ಚುರ್ ಎಂಬ ಸದ್ದು ಬಂದರೆ ವರ್ಷದವರೆಗೆ ಕಾಯಬಾರದು.

ವೋಲ್ಟೇಜಿನ ಲೆಕ್ಕ

ನಮ್ಮ ಜಿಲ್ಲೆಯ ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ ತಲಾ 220 ಮೆಗಾವಾಟಿನ ನಾಲ್ಕು ಘಟಕಗಳಿವೆ. ಕದ್ರಾ, ಕೊಡಸಳ್ಳಿ, ಗೇರುಸೊಪ್ಪದಲ್ಲಿ ನೀರಿನಿಂದ ವಿದ್ಯುತ್ ಹುಟ್ಟುತ್ತದೆ. ಹಾಗಿದ್ದೂ ನಮ್ಮ ಮನೆಯ ದೀಪ ಏಕೆ ಮಂಕು ಎಂದು ಕೇಳುವವರ ಪ್ರಶ್ನೆ ನ್ಯಾಯವಾದದ್ದು. ಆ ವಿದ್ಯುತ್ತು ಎತ್ತರದ ಗೋಪುರಗಳ ಮಾರ್ಗದಲ್ಲಿ ಗ್ರಿಡ್ ಸೇರುತ್ತದೆ. ನಮ್ಮ ಸಾಕೆಟ್‌ನ ವೋಲ್ಟೇಜನ್ನು ನಿರ್ಧರಿಸುವುದು ಕಾಡಿನ ನಡುವೆ ಬರುವ 11 ಕೆವಿ ಲೈನ್, ಊರಿನ ಟ್ರಾನ್ಸ್‌ಫಾರ್ಮರ್ ಮತ್ತು ಅಲ್ಲಿಂದ ಮನೆಯವರೆಗಿನ ತಂತಿಯ ಉದ್ದ. ಬೇಸಿಗೆಯಲ್ಲಿ ತೋಟದ ಪಂಪ್‌ಸೆಟ್‌ಗಳು ಒಟ್ಟಿಗೆ ಓಡಿದಾಗ ಲೈನಿನ ಕೊನೆಯ ಮನೆಯಲ್ಲಿ ವೋಲ್ಟೇಜ್ ಕುಸಿಯುತ್ತದೆ.

ಕಡಿಮೆ ವೋಲ್ಟೇಜಿಗೆ ಕಂಪ್ಯೂಟರ್ ಅಷ್ಟು ಬೇಗ ಸುಡುವುದಿಲ್ಲ. ಎಸ್‌ಎಂಪಿಎಸ್ ಮೇಲಿನ ಚೀಟಿಯಲ್ಲಿ 100–240 ಎಂದಿದ್ದರೆ 150 ವೋಲ್ಟಿಗೂ ಅದು ಓಡುತ್ತದೆ; 200–240 ಎಂದಿದ್ದರೆ ಮತ್ತೆ ಮತ್ತೆ ರೀಸ್ಟಾರ್ಟ್ ಆಗಬಹುದು. ವಿಂಡೋಸ್‌ನ ಇವೆಂಟ್ ವ್ಯೂವರ್ ತೆರೆದು ‘ಕರ್ನಲ್-ಪವರ್ 41’ ಎಂಬ ದಾಖಲೆ (ಕಂಪ್ಯೂಟರ್ ಸರಿಯಾಗಿ ಮುಚ್ಚದೆ ಆರಿಹೋಗಿತ್ತೆಂಬ ಗುರುತು) ಯಾವ ಹೊತ್ತಿಗೆ ಬಿದ್ದಿದೆ ನೋಡಿ. ಪಂಪ್ ಶುರುವಾಗುವ ಹೊತ್ತಿಗೇ ಬಿದ್ದಿದ್ದರೆ ಕಾರಣ ಸಿಕ್ಕಂತೆ.

ನಿಜವಾಗಿ ಹೆದರಬೇಕಾದದ್ದು ನ್ಯೂಟ್ರಲ್ ಕಡಿಯುವುದಕ್ಕೆ. ಕಂಬದ ಮೂರು ಫೇಸ್‌ಗಳಲ್ಲಿ ಯಾವ ಎರಡರ ನಡುವೆಯೂ ಸುಮಾರು 400 ವೋಲ್ಟ್ ಇರುತ್ತದೆ. ಪ್ರತಿ ಮನೆಗೂ 230 ಮಾತ್ರ ಸಿಗುವಂತೆ ನೋಡಿಕೊಳ್ಳುವುದು ನ್ಯೂಟ್ರಲ್. ಗಾಳಿಮಳೆಗೆ ಕೊಂಬೆ ಬಿದ್ದು ಅದು ತುಂಡಾದರೆ ಒಂದು ಮನೆಯಲ್ಲಿ ದೀಪ ಮಿಣುಕುತ್ತದೆ, ಪಕ್ಕದ ಮನೆಯಲ್ಲಿ 300ಕ್ಕೂ ಮೀರಿ ಏರಿ ಉಪಕರಣಗಳು ಸುಡುತ್ತವೆ. ದೀಪ ಇದ್ದಕ್ಕಿದ್ದಂತೆ ಪ್ರಖರವಾಗಿ ಉರಿದರೆ, ಫ್ಯಾನ್ ಸದ್ದು ಬದಲಾದರೆ ಯೋಚಿಸುತ್ತ ನಿಲ್ಲದೆ ಮೇನ್ ಸ್ವಿಚ್ ಇಳಿಸಿ, ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಿ. ವೋಲ್ಟೇಜ್ ಏರಿದರೆ ತಾನಾಗಿ ಕರೆಂಟ್ ಕಡಿಯುವ ಪ್ರೊಟೆಕ್ಟರನ್ನು ಮೀಟರ್ ಬೋರ್ಡಿನ ಬಳಿ ಹಾಕಿಸಿದರೆ ಇಡೀ ಮನೆಗೆ ರಕ್ಷಣೆ. ನನ್ನ ಮಟ್ಟಿಗೆ ಸ್ಟೆಬಿಲೈಸರಿಗೆ ಹಾಕುವ ಹಣ ಇದಕ್ಕೆ ಸಲ್ಲಬೇಕು.

ಈಗ ಯುಪಿಎಸ್

ಸಾಧಾರಣ ಮನೆ ಕಂಪ್ಯೂಟರಿಗೆ 600 ವಿಎ ಎಂದು ಬರೆದಿರುವ ಯುಪಿಎಸ್ ಸಾಕು. ಅದರ ನಿಜವಾದ ಸಾಮರ್ಥ್ಯ ಸುಮಾರು 360 ವಾಟ್. ಒಳಗಿನ 12 ವೋಲ್ಟ್, 7 ಎಎಚ್ ಬ್ಯಾಟರಿ ಹೊಸದಿದ್ದಾಗ ಕಾಲು ಗಂಟೆ ತಾಳುತ್ತದೆ; ಫೈಲ್ ಉಳಿಸಿ ಕಂಪ್ಯೂಟರ್ ಮುಚ್ಚಲು ಅಷ್ಟು ಸಮಯ ಸಾಕು. ಎರಡು ಮೂರು ವರ್ಷಕ್ಕೆ ಬ್ಯಾಟರಿ ಬದಲಿಸಬೇಕು. ಲೇಸರ್ ಪ್ರಿಂಟರನ್ನು ಇದಕ್ಕೆ ಜೋಡಿಸಬೇಡಿ, ಅದರ ಹೀಟರ್ ಯುಪಿಎಸ್ ತಾಳಲಾರದಷ್ಟು ಎಳೆಯುತ್ತದೆ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಹಿಂದಿನ ಸ್ವಿಚ್ ‘ಯುಪಿಎಸ್’ ಕಡೆಗಿರಲಿ. ಇಲ್ಲವಾದರೆ ಬದಲಾಗುವ ಆ ಚಿಟಿಕೆಯಷ್ಟು ಹೊತ್ತಿನಲ್ಲೇ ಕಂಪ್ಯೂಟರ್ ಆರಿಹೋಗಬಹುದು. ಲ್ಯಾಪ್‌ಟಾಪಿಗೆ ಇದಾವುದೂ ಬೇಡ. ಅಡಾಪ್ಟರಿನ ಮೂರನೆಯ ಪಿನ್ ಮುರಿಯದೆ ಬಳಸಿದರೆ ಸಾಕು.

ಗುಡುಗಿನ ದಿನಗಳು

ಮೇ ತಿಂಗಳ ಸಂಜೆಗಳು ಮತ್ತು ಅಕ್ಟೋಬರಿನ ಹಿಂಗಾರು ನಮ್ಮಲ್ಲಿ ಸಿಡಿಲಿನ ಕಾಲ. ಹತ್ತಿರದಲ್ಲಿ ಸಿಡಿಲು ಬಿದ್ದರೆ ಯಾವ ಯುಪಿಎಸ್ಸೂ ತಡೆಯಲಾರದು. ಮೊದಲ ಗುಡುಗು ದೂರದಲ್ಲಿ ಕೇಳಿದಾಗಲೇ ಪ್ಲಗ್ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು. ರೂಟರಿನಿಂದ ಬರುವ ನೆಟ್‌ವರ್ಕ್ ಕೇಬಲ್, ಟಿವಿ ಕೇಬಲ್ ಎರಡನ್ನೂ ಬಿಡಿಸಿ. ಫೈಬರ್ ಗಾಜಿನ ಎಳೆಯಾದ್ದರಿಂದ ಕರೆಂಟ್ ತರುವುದಿಲ್ಲ, ಆದರೆ ರೂಟರಿನ ಅಡಾಪ್ಟರ್ ತರುತ್ತದೆ. ಗುಡುಗು ತಲೆಯ ಮೇಲೆ ಬಂದಾಗ ಪ್ಲಗ್ ಕೀಳಲು ಹೋಗಬೇಡಿ. ಸ್ಪೈಕ್ ಗಾರ್ಡ್ (ವೋಲ್ಟೇಜ್ ಒಮ್ಮೆಲೇ ಜಿಗಿದರೆ ತಡೆಯುವ, ಹಲವು ಸಾಕೆಟ್‌ಗಳ ಬೋರ್ಡ್) ಒಳಗಿನ ರಕ್ಷಣೆಯ ಒಂದು ಭಾಗ ಹೆಚ್ಚುವರಿ ಕರೆಂಟನ್ನು ಅರ್ಥಿಗೆ ಇಳಿಸುವಂಥದ್ದು. ಅರ್ಥ್ ಇಲ್ಲದ ಮನೆಯಲ್ಲಿ ಆ ಭಾಗ ಕೆಲಸ ಮಾಡದು.

ಮಳೆಗಾಲದಲ್ಲಿ ಹೋದ ಕರೆಂಟ್ ಒಂದೇ ಸಲಕ್ಕೆ ಬಂದು ನಿಲ್ಲುವುದು ಅಪರೂಪ; ಲೈನ್‌ಮನ್‌ಗಳು ಸರಿಪಡಿಸಿ ಚಾರ್ಜ್ ಮಾಡುವಾಗ ಎರಡು ಮೂರು ಸಲ ಬಂದು ಹೋಗುತ್ತದೆ. ಕರೆಂಟ್ ಹೋದ ಕೂಡಲೆ ಕಂಪ್ಯೂಟರಿನ ಸ್ವಿಚ್ ಆರಿಸಿ, ಬಂದ ಮೇಲೆ ಹತ್ತು ನಿಮಿಷ ದೀಪ ಅಲುಗದೆ ಉರಿದರೆ ಹಾಕಿ. ಕೆಟ್ಟ ಎಸ್‌ಎಂಪಿಎಸ್ ಡಬ್ಬಿಯನ್ನು ಮನೆಯಲ್ಲಿ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಹೆಚ್ಚು ಉಳಿದಿರಬಹುದು.

ಮನೆಯೊಳಗೆ ಎಲ್ಲ ಸರಿಯಿದ್ದೂ ವೋಲ್ಟೇಜ್ ದಿನವೂ ಕುಸಿಯುತ್ತಿದ್ದರೆ ಹದಿನೈದು ದಿನ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮಲ್ಟಿಮೀಟರ್ ಹಿಡಿದು ತಾರೀಖು, ಹೊತ್ತು, ವೋಲ್ಟ್ ಬರೆದಿಡಿ. ಅದೇ ಟ್ರಾನ್ಸ್‌ಫಾರ್ಮರಿನ ನಾಲ್ಕಾರು ಮನೆಯವರು ಒಟ್ಟಾಗಿ, ಆ ಪಟ್ಟಿಯನ್ನು ಲಗತ್ತಿಸಿ, ವಿದ್ಯುತ್ ಕಚೇರಿಗೆ ಲಿಖಿತ ಅರ್ಜಿ ಕೊಡಿ ಮತ್ತು ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬನ್ನಿ.